ಬೇಕಲದ ಕೆಂಪು

ಕಾಸರಗೋಡಿನಲ್ಲಿ ರೈಲಿಳಿದು ಬಸ್ಸು ಹತ್ತಿದೆ. ಬೋರ್ಡಿನಲ್ಲಿ ಕಾಞಂಗಾಡ್ ಎಂದಿತ್ತು. ಚಿಕ್ಕಪ್ಪನ ಬಾಯಲ್ಲಿ ಅದು ಇಂದಿಗೂ ಹೊಸದುರ್ಗ. ಚಂದ್ರಗಿರಿ ಹೊಳೆ ದಾಟಿ ಸ್ವಲ್ಪ ಹೊತ್ತಿಗೆ ಬೇಕಲ.

ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ, ಸುಮಾರು 40 ಎಕರೆ. ಬುರುಜಿನ ನೆರಳಲ್ಲಿ ಕೂತು ಟ್ಯೂಬಿನ ಬಣ್ಣ ಬಳಿದೆ. ಗೋಡೆ ಇಟ್ಟಿಗೆ ಗೂಡಿನ ಹಾಗೆ ಬಂತು. ಮನೆಯಿಂದ ಹೊರಡುವಾಗಲೇ ಕೆಂಪು ಕೋಟೆ ಎಂದು ತಲೆಯಲ್ಲಿ ತುಂಬಿಕೊಂಡಿದ್ದೆ. ಕಣ್ಣೆದುರಿಗಿದ್ದದ್ದು ಮಳೆ ಕುಡಿದು ಕಪ್ಪಾದ, ತೂತುಗಳಲ್ಲಿ ಪಾಚಿ ಒಣಗಿದ ಕಲ್ಲು. ಅಂಚು ಮುರಿದಲ್ಲಿ ಮಾತ್ರ ಕೆಂಪು.

ಸಂಜೆ ಬದಿಯಡ್ಕದ ಹತ್ತಿರ ಚಿಕ್ಕಪ್ಪನ ಮನೆಯಲ್ಲಿ ಚಿತ್ರ ತೋರಿಸಿದೆ. "ಇದೆಂತ ಮಾರಾಯ, ಸಿಮೆಂಟಿಗೆ ಪೈಂಟು ಹೊಡೆದ ಹಾಗೆ ಉಂಟಲ್ಲ! ನಾಳೆ ಕಲ್ಲಿನ ಕೋರೆಗೆ ಹೋಗುವ."

ಕೋರೆಯಲ್ಲಿ ಈಗ ಯಂತ್ರದ ಗರಗಸ. ಕೋಟೆಯ ಗೋಡೆಯದೂ ಇದೇ ಮುರಕಲ್ಲು. ಆಗಷ್ಟೇ ಎದ್ದ ಕಲ್ಲಿನಲ್ಲಿ ಹಳದಿ, ಕೆಂಪು, ನೇರಳೆ ಎಲ್ಲ ಕಲಸಿಕೊಂಡಿತ್ತು. ಉಗುರಿನಿಂದ ಕೆರೆದರೆ ಪುಡಿ. ನೆಲದೊಳಗೆ ಮೆತ್ತಗಿದ್ದದ್ದು ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ, ಒಳಗಿನ ಕಬ್ಬಿಣದ ದೆಸೆಯಿಂದ. 1807ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ಬ್ರಿಟಿಷ್ ಸಮೀಕ್ಷಕ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಇಟ್ಟಿಗೆಯ ಲ್ಯಾಟಿನ್ ಪದದಿಂದ. ನನ್ನ ಇಟ್ಟಿಗೆ ಗೂಡಿಗೆ ಅಷ್ಟಾದರೂ ಸಮರ್ಥನೆ ಸಿಕ್ಕಿತು.

ಕೇರಳದ ದೇವಸ್ಥಾನಗಳ ಭಿತ್ತಿಚಿತ್ರದವರು ಕೆಂಪನ್ನೂ ಹಳದಿಯನ್ನೂ ಇದೇ ಕಲ್ಲಿನಿಂದ ತೆಗೆಯುತ್ತಿದ್ದರು. ಕಪ್ಪಿಗೆ ದೀಪದ ಮಸಿ. ನಾನೂ ಎರಡು ಮುಷ್ಟಿ ಪುಡಿ ಕಟ್ಟಿಕೊಂಡು ಬಂದೆ. ಚಿಕ್ಕಮ್ಮ ಅಡುಗೆಮನೆಯ ಅರೆಯುವ ಕಲ್ಲು ಕೊಡಲಿಲ್ಲ, ಹಿತ್ತಿಲ ಹಳೇ ಒರಳು ತೋರಿಸಿದರು. ಅರೆದೆ, ಒಮ್ಮೆ ತೊಳೆದೆ, ಗೋಂದು ಬೆರೆಸಿ ಬಳಿದೆ. ಮರಳು ಉಳಿದಿತ್ತು, ಕುಂಚ ಎಳೆದಲ್ಲೆಲ್ಲ ಕಾಗದಕ್ಕೆ ಗೀರು. ಒಳ್ಳೇ ಹಾಳೆಯೊಂದು ಹಾಳು.

"ಕೂವೆ ಹಿಟ್ಟು ಮಾಡಿದ್ದು ನೋಡಿಲ್ಲವಾ ನೀನು?" ಎಂದರು ಚಿಕ್ಕಮ್ಮ. ಕೂವೆ ಗೆಡ್ಡೆ ಅರೆದು ನೀರಲ್ಲಿ ಕದಡಿದರೆ ಅಡಿಗೆ ಕೂತ ಹಿಟ್ಟು ಬೇಕು, ಮೇಲಿನ ನೀರು ಚೆಲ್ಲಬೇಕು. ಇಲ್ಲಿ ತಿರುಗಾಮುರುಗಾ: ಒರಟೆಲ್ಲ ಅಡಿ ಸೇರಿದ ಕೂಡಲೇ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಅದನ್ನು ರಾತ್ರಿಯಿಡೀ ಬಿಡಬೇಕು. ಮೂರು ಸಲ ಬಗ್ಗಿಸಿದ ಮೇಲೆ ಬೆರಳಿಗೆ ಬೆಣ್ಣೆಯಂತೆ ಹತ್ತಿತು.

ಮತ್ತೆ ಬೇಕಲಕ್ಕೆ ಹೋದೆ. ಈ ಸಲ ಮೊದಲು ಮಸಿ, ಪಾಚಿಯ ಹಸುರು. ಕೆಂಪು ಕೊನೆಗೆ, ಮುರಿದ ಅಂಚಿಗೆ ಮಾತ್ರ. ಸಮುದ್ರದ ಗಾಳಿಗೆ ಬಣ್ಣ ಒಣಗದೆ ಸತಾಯಿಸಿತು, ಆದರೂ ಗೋಡೆ ನಿಂತಿತು.

ಉಳಿದ ಪುಡಿ ಹಾರ್ಲಿಕ್ಸ್ ಬಾಟಲಿಯಲ್ಲಿದೆ. ಮುಚ್ಚಳದ ಮೇಲೆ ಚಿಕ್ಕಮ್ಮನ ಅಕ್ಷರ: 'ಕೂವೆ ಅಲ್ಲ'.