ಆಟವೇ ಇಲ್ಲದಾಗ ಸ್ಟೇಡಿಯಂನಲ್ಲಿ ನಿನಗೇನು ಕೆಲಸ?

ಪ್ರತಿ ವರ್ಷ ಫೆಬ್ರವರಿಯಲ್ಲಿ ಸಾಗರದಿಂದ ಚಿಕ್ಕಪ್ಪ ಫೋನ್ ಮಾಡುತ್ತಾರೆ. ಮನೆಯವರ ಆರೋಗ್ಯ, ಅಡಿಕೆ ರೇಟು, ಮಂಗಗಳ ಕಾಟ ಎಲ್ಲ ಮುಗಿದ ಮೇಲೆ ಅದೇ ಪ್ರಶ್ನೆ.

"ಅಲ್ಲ ಮಾರಾಯ, ಆಟ ಶುರುವಾಗೋದು ಏಪ್ರಿಲ್ ಹೊತ್ತಿಗೆ ಅಂತೀಯ. ಆಟಗಾರರೂ ಇನ್ನೂ ಬಂದಿಲ್ಲ ಅಂತೀಯ. ಮತ್ತೆ ಆ ಹಿಮದಲ್ಲಿ ಹೋಗಿ ಯಾರಿಗೆ ಸೀಟು ತೋರಿಸ್ತೀಯ?"

ನನ್ನ ಕೆಲಸ ಸೀಟು ತೋರಿಸುವುದು. ವಾರದ ದಿನಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ದುಡಿಯುತ್ತೇನೆ. ಸಂಜೆ ಮತ್ತು ವಾರಾಂತ್ಯ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನ ಬೇಸ್‌ಬಾಲ್ ತಂಡ ರೆಡ್ ವಿಂಗ್ಸ್‌ಗೆ ಸೀಸನ್ ಲೆಕ್ಕದಲ್ಲಿ ದುಡಿಯುತ್ತೇನೆ. ಗಂಟೆಗಿಷ್ಟು ಅಂತ ಸಂಬಳ. ಗ್ರೀನ್ ಕಾರ್ಡ್ ಕೈಗೆ ಬಂದ ವರ್ಷವೇ ಅರ್ಜಿ ಹಾಕಿದೆ. ಅದಕ್ಕೂ ಮುಂಚೆ ಹೀಗೆ ಇನ್ನೊಂದು ಕೆಲಸ ಹಿಡಿಯುವ ಹಾಗಿರಲಿಲ್ಲ, ವೀಸಾದವರಿಗೆ ಆ ಸಂಕಟ ಗೊತ್ತು. ಇಲ್ಲಿನ ಕನ್ನಡ ಗೆಳೆಯರೂ ಸಂಕ್ರಾಂತಿ ಊಟದಲ್ಲಿ ಎದುರು ಕೂತರೆ ಚಿಕ್ಕಪ್ಪನ ಪ್ರಶ್ನೆಯನ್ನೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಇದನ್ನೇ ಕಳಿಸಿಬಿಡುತ್ತೇನೆ.

ಮೊದಲು ಮೈನರ್ ಲೀಗ್ ಅಂದರೇನು ಅಂತ ಹೇಳಬೇಕು. ಅಮೆರಿಕದ ಬೇಸ್‌ಬಾಲಿನಲ್ಲಿ ಎಲ್ಲಕ್ಕಿಂತ ಮೇಲೆ ಮೇಜರ್ ಲೀಗ್, ಅದರಲ್ಲಿ 30 ತಂಡ. ಒಂದೊಂದು ತಂಡದ ಕೆಳಗೂ ನಾಲ್ಕು ಮೆಟ್ಟಿಲು: ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ. ಹೀಗೆ ಒಟ್ಟು 120 ಊರಿನ ತಂಡಗಳು. ನಮ್ಮದು ಟ್ರಿಪಲ್ ಎ, ಅಂದರೆ ಮೇಜರ್ ಲೀಗ್‌ಗೆ ಮುಂಚಿನ ಕೊನೇ ಮೆಟ್ಟಿಲು. 2021ರಿಂದ ವಾಷಿಂಗ್ಟನ್ ನ್ಯಾಷನಲ್ಸ್ ತಂಡದ ಕೆಳಗಿದ್ದೇವೆ. ಯಾರು ಆಡಬೇಕು, ಯಾರನ್ನು ಮೇಲಕ್ಕೆ ಕರೆಸಬೇಕು, ಯಾರನ್ನು ಮನೆಗೆ ಕಳಿಸಬೇಕು, ಎಲ್ಲ ಅವರದೇ ತೀರ್ಮಾನ. ಆಟಗಾರರಿಗೆ, ಕೋಚ್‌ಗಳಿಗೆ ಸಂಬಳ ಕೊಡುವವರೂ ಅವರೇ. ಇದನ್ನು ಕೇಳಿದರೆ ಕ್ರಿಕೆಟ್ ನೋಡಿ ಬೆಳೆದ ನಮಗೆ ವಿಚಿತ್ರ ಅನಿಸುತ್ತದೆ. ಕರ್ನಾಟಕ ರಣಜಿ ತಂಡವನ್ನು ಯಾರೋ ದೂರದವರು ಆರಿಸಿ, ನಡುವೆ ಬೇಕಾದಾಗ ಇಬ್ಬರನ್ನು ಎತ್ತಿಕೊಂಡು ಹೋದರೆ ಹೇಗಿರುತ್ತೆ? ಇಲ್ಲಿ ದಿನಾ ಅದೇ. 2024ರಲ್ಲಿ ಜೇಮ್ಸ್ ವುಡ್ ಅಂತ ಉದ್ದನೆಯ ಹುಡುಗ ನಮ್ಮಲ್ಲಿ ಚೆಂಡನ್ನು ಬೀದಿಪಾಲು ಮಾಡುತ್ತಿದ್ದ. ಜುಲೈ 1ಕ್ಕೆ ವಾಷಿಂಗ್ಟನ್‌ನಲ್ಲಿ ಆಡಲಿಕ್ಕೆ ಇಳಿದ. ನಮಗೆ ಖುಷಿ, ಜೊತೆಗೆ ಅವನ ಹೆಸರಿನ ಅಂಗಿ ಕೊಂಡವರಿಗೆ ಸ್ವಲ್ಪ ಬೇಜಾರು.

ಹಾಗಾದರೆ ಈ ಊರಿನ ಕ್ಲಬ್‌ನ ಕೈಯಲ್ಲಿ ಉಳಿಯುವುದೇನು? ಮೈದಾನ, ಟಿಕೆಟ್, ತಿಂಡಿ, ಬಾತ್‌ರೂಮು, ಮತ್ತೆ ಊರಿನ ಜನ. ಗೆಲ್ಲುವುದು ಸೋಲುವುದು ನಮ್ಮ ಕೈಯಲ್ಲಿ ಇಲ್ಲವೇ ಇಲ್ಲ. ಈ ಮಾತು ತಲೆಗೆ ಹೋದರೆ ಚಿಕ್ಕಪ್ಪನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಆಟಗಾರರೆಲ್ಲ ಫ್ಲಾರಿಡಾದ ವೆಸ್ಟ್ ಪಾಮ್ ಬೀಚ್‌ನಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಅಭ್ಯಾಸ ಮಾಡುತ್ತಿರುತ್ತಾರೆ. ನಮ್ಮಲ್ಲಿಗೆ ಬರುವುದು ಮೊದಲ ಪಂದ್ಯಕ್ಕೆ ಕೆಲವೇ ದಿನ ಇರುವಾಗ. ಅಲ್ಲಿಯವರೆಗೆ ಸ್ಟೇಡಿಯಂ ನಮ್ಮದು.

ನಮ್ಮ ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಚಪ್ಪರ, ಲೈಟು, ಅಂಗಡಿ ಜಾಗದ ಹರಾಜು, ಕಮಿಟಿಯ ಜಗಳ, ಇದೆಲ್ಲ ಎಷ್ಟು ಮುಂಚೆ ಶುರುವಾಗುತ್ತದೆ ಅಂತ ಚಿಕ್ಕಪ್ಪನಿಗೆ ಗೊತ್ತಿಲ್ಲದ್ದಲ್ಲ. ಅವರೇ ಒಮ್ಮೆ ರಸೀದಿ ಪುಸ್ತಕ ಹಿಡಿದು ಮನೆಮನೆ ತಿರುಗಿದವರು. ಹಾಗೆ ಹೇಳಿದರೆ "ಅದು ದೇವರ ಕೆಲಸ" ಅನ್ನುತ್ತಾರೆ. ಸರಿ, ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಜನವರಿಯಲ್ಲೇ ಫೋನು ಶುರು. ಕಳೆದ ವರ್ಷ ಸೀಸನ್ ಟಿಕೆಟ್ ತಗೊಂಡವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಈ ವರ್ಷವೂ ಬರ್ತೀರಾ ಅಂತ ಕೇಳಬೇಕು. ಟ್ರಿಪಲ್ ಎ ಸೀಸನ್ ಅಂದರೆ 150 ಪಂದ್ಯ, ಅದರಲ್ಲಿ 75 ನಮ್ಮ ಊರಲ್ಲಿ. 75 ಸಂಜೆ! ಐಪಿಎಲ್‌ನಲ್ಲಿ ಒಂದು ತಂಡ ತನ್ನ ಊರಲ್ಲಿ ಏಳು ಲೀಗ್ ಪಂದ್ಯ ಆಡುತ್ತದೆ. ಅಷ್ಟೊಂದು ಸಂಜೆ ಜನ ಬರಬೇಕು ಅಂದರೆ ಬರೀ ಆಟ ಸಾಲದು. ಟಿಕೆಟ್ ಮಾರಲು ಫೋನ್ ಮಾಡಿದರೂ ಮಾತು ಹೋಗುವುದು ಬೇರೆ ಕಡೆಗೆ. ಗಂಡ ತೀರಿಕೊಂಡರು, ಈ ಸಲ ಎರಡರ ಬದಲು ಒಂದೇ ಸೀಟು ಸಾಕು ಅನ್ನುತ್ತಾರೆ ಒಬ್ಬರು. ಮೊಣಕಾಲು ಆಪರೇಷನ್ ಆಗಿದೆ, ಮೆಟ್ಟಿಲು ಕಡಿಮೆ ಇರುವ ಕಡೆ ಕೊಡಿ ಅನ್ನುತ್ತಾರೆ ಇನ್ನೊಬ್ಬರು. ಮೊದಲ ವರ್ಷ ನಾನು ದಡ್ಡನ ಹಾಗೆ ರಿಯಾಯಿತಿ ಬಗ್ಗೆಯೇ ಹೇಳುತ್ತಾ ಹೋದೆ. ಆ ಕಡೆಯಿಂದ "ಮಗನೇ, ಸ್ವಲ್ಪ ಸುಮ್ಮನಿರು, ನಾನು ಹೇಳೋದು ಕೇಳು" ಅಂತ ಬೈಸಿಕೊಂಡ ಮೇಲೆ ಬುದ್ಧಿ ಬಂತು.

ಸೀಸನ್‌ಗೆ ಬೇಕಾದ ಜನರನ್ನು ಆರಿಸುವ ದಿನವೂ ಚಳಿಗಾಲದಲ್ಲೇ. ಕಾಲೇಜು ಹುಡುಗರು, ನಿವೃತ್ತ ಮೇಷ್ಟ್ರುಗಳು, ಬೇಸಿಗೆ ಖರ್ಚಿಗೆ ದುಡ್ಡು ಬೇಕಾದ ಹೈಸ್ಕೂಲು ಮಕ್ಕಳು ಎಲ್ಲ ಸಾಲಾಗಿ ಬರುತ್ತಾರೆ. ಇಡೀ ಚಳಿಗಾಲದಲ್ಲಿ ನನಗೆ ತುಂಬಾ ಇಷ್ಟದ್ದು ಮಾತ್ರ ರಾಷ್ಟ್ರಗೀತೆ ಹಾಡುವವರನ್ನು ಆರಿಸುವ ದಿನ. ಪ್ರತಿ ಪಂದ್ಯಕ್ಕೂ ಮುಂಚೆ ಯಾರಾದರೂ ಹಾಡಬೇಕು, ಅಲ್ವಾ? ದೊಡ್ಡ ಗಾಯಕರನ್ನು ಕರೆಸಲು ಯಾರ ಹತ್ತಿರ ದುಡ್ಡಿದೆ! ಊರಿನವರೇ ಬರುತ್ತಾರೆ. ಚರ್ಚಿನ ಗಾಯಕ ತಂಡ, ಅಗ್ನಿಶಾಮಕ ದಳದವರು, ಟ್ರಂಪೆಟ್ ಹಿಡಿದ ಒಂಬತ್ತನೇ ತರಗತಿ ಹುಡುಗ. ಆ ಹಾಡು ಹಾಡಲಿಕ್ಕೆ ಸುಲಭದ್ದಲ್ಲ. ಶುರುವಿನಲ್ಲಿ ಶ್ರುತಿ ಸ್ವಲ್ಪ ಮೇಲೆ ಹಿಡಿದರೆ ಕೊನೆಯಲ್ಲಿ ಗಂಟಲು ಸೋಲುತ್ತದೆ. ಒಂದು ವರ್ಷ ಎಂಟು ವಯಸ್ಸಿನ ಹುಡುಗಿಗೆ ಹಾಗೇ ಆಯಿತು. ಮೇಲಿನ ಸ್ವರದ ಹತ್ತಿರ ನಿಂತುಬಿಟ್ಟಳು. ಕಣ್ಣಲ್ಲಿ ನೀರು. ತನ್ನ ಸರದಿಗೆ ಕಾದು ನಿಂತಿದ್ದ ಒಬ್ಬ ಅಜ್ಜ, ಯಾರೋ ಏನೋ, ಅಲ್ಲಿಂದಲೇ ಸಣ್ಣಗೆ ಮುಂದಿನ ಸಾಲು ಎತ್ತಿಕೊಟ್ಟರು. ಆಮೇಲೆ ಇಬ್ಬರನ್ನೂ ಒಂದೇ ದಿನ ಜೋಡಿಯಾಗಿ ಹಾಡಿಸಿದರು.

ನನಗೆ ಸಿಕ್ಕ ಇನ್ನೊಂದು ಕೆಲಸ ಕೇಳಿದರೆ ನಗುತ್ತೀರಿ. ನಮ್ಮ ತಂಡಕ್ಕೆ ಸ್ಪೈಕ್ಸ್ ಮತ್ತು ಮಿಟ್ಸಿ ಅಂತ ಎರಡು ಕೆಂಪು ಹಕ್ಕಿ. ಒಳಗೆ ಮನುಷ್ಯರು, ಹೊರಗೆ ಹಕ್ಕಿ ವೇಷ. ಶಾಲೆ, ಲೈಬ್ರರಿಗೆ ಕರೆದರೆ ಹೋಗುತ್ತಾರೆ. ಇಂತಿಷ್ಟು ಪುಸ್ತಕ ಓದಿದ ಮಕ್ಕಳಿಗೆ ಒಂದು ಟಿಕೆಟ್ ಬಹುಮಾನ ಕೊಡುವ ಪದ್ಧತಿ ಇಂಥ ಎಷ್ಟೋ ಕ್ಲಬ್‌ಗಳಲ್ಲಿ ಇದೆ. ಹಕ್ಕಿ ಮಾತಾಡಬಾರದು, ಅದು ನಿಯಮ. ಜೊತೆಗೆ ಆ ದೊಡ್ಡ ತಲೆಯೊಳಗಿಂದ ಕೆಳಗೆ ನಿಂತ ಮಗು ಕಾಣುವುದೂ ಇಲ್ಲ. ಅದಕ್ಕೇ ಕೈ ಹಿಡಿದು ನಡೆಸಲು, ಮಕ್ಕಳಿಗೆ ಉತ್ತರ ಹೇಳಲು ಒಬ್ಬ ಬೇಕು. ಆ ಒಬ್ಬ ನಾನು. ಯಕ್ಷಗಾನದ ಚೌಕಿಯಲ್ಲಿ ಕಿರೀಟ ಕಟ್ಟುವುದನ್ನು ಬಾಯಿ ಬಿಟ್ಟುಕೊಂಡು ನೋಡಿದವನು ನಾನು, ವೇಷದವರ ಕಷ್ಟ ಸ್ವಲ್ಪ ಗೊತ್ತು. ಕಳೆದ ಮಾರ್ಚ್‌ನಲ್ಲಿ ಒಂದು ಪುಟಾಣಿ ಬಂದು ಹಕ್ಕಿಯನ್ನು ಬಿಟ್ಟು ನನ್ನನ್ನು ಕೇಳಿತು: "ಚಳಿಗಾಲದಲ್ಲಿ ಹಕ್ಕಿಗಳೆಲ್ಲ ದಕ್ಷಿಣಕ್ಕೆ ಹೋಗುತ್ತವೆ. ಇದು ಯಾಕೆ ಹೋಗಲಿಲ್ಲ?" ಆಟಗಾರರು ಹೋಗಿದ್ದಾರೆ, ಮನೆ ಕಾಯಲು ಇದನ್ನು ಬಿಟ್ಟಿದ್ದಾರೆ ಅಂದೆ. ಮಗು ಒಪ್ಪಿಕೊಂಡಿತು.

ಮೈದಾನದ ಕಡೆ ನನಗೆ ಪ್ರವೇಶ ಕಡಿಮೆ, ಆದರೂ ನೋಡುತ್ತಾ ನಿಲ್ಲುತ್ತೇನೆ. ಒಂಟಾರಿಯೊ ಸರೋವರದ ಪಕ್ಕದ ಊರು ಇದು, ಚಳಿಗಾಲಕ್ಕೆ ಸುಮಾರು 100 ಇಂಚು ಹಿಮ ಬೀಳುತ್ತದೆ. ಹುಲ್ಲಿಗೆ ಪೆಟ್ಟಾಗದ ಹಾಗೆ ಅದನ್ನು ತೆಗೆಯುವುದೇ ಒಂದು ವಿದ್ಯೆ. ಆಮೇಲೆ ಪಿಚರ್, ಅಂದರೆ ಚೆಂಡು ಎಸೆಯುವವನು, ನಿಲ್ಲುವ ಮಣ್ಣಿನ ದಿಬ್ಬ. ಎತ್ತರ ಹತ್ತೇ ಇಂಚು ಇರಬೇಕು. ಅಲ್ಲಿಂದ ಬ್ಯಾಟ್ ಬೀಸುವವನ ಹತ್ತಿರದ ಹೋಮ್ ಪ್ಲೇಟಿಗೆ 60 ಅಡಿ 6 ಇಂಚು. ಜೇಡಿಮಣ್ಣು ಹಾಕಿ, ನೀರು ಚಿಮುಕಿಸಿ, ತಟ್ಟಿ ತಟ್ಟಿ ಗಟ್ಟಿ ಮಾಡುತ್ತಾರೆ. ಅಡಿಕೆ ಕೊಯ್ಲಿಗೆ ಮುಂಚೆ ನಮ್ಮ ಮನೆ ಅಂಗಳ ಮಾಡುತ್ತಿದ್ದದ್ದೂ ಹಾಗೇ, ಸಗಣಿ ಒಂದು ಇಲ್ಲ ಅಷ್ಟೆ. ಇದನ್ನು ವಿಡಿಯೋ ಮಾಡಿ ಕಳಿಸಿದಾಗ ಚಿಕ್ಕಪ್ಪ ಮೊದಲ ಸಲ ಬೇಸ್‌ಬಾಲ್ ಬಗ್ಗೆ ಗಂಭೀರವಾಗಿ ಮಾತಾಡಿದರು. "ತಟ್ಟೋದು ಸಾಲದು, ಇನ್ನೂ ಗಟ್ಟಿ ಆಗ್ಬೇಕು" ಅಂದರು.

ಏಪ್ರಿಲ್ ಬಂದರೂ ಚಳಿ ಹೋಗುವುದಿಲ್ಲ. ವೃತ್ತಿಪರ ಬೇಸ್‌ಬಾಲಿನ ಇತಿಹಾಸದಲ್ಲೇ ಅತಿ ಉದ್ದದ ಪಂದ್ಯ ಆಡಿದ್ದೂ ನಮ್ಮವರು, ಅದೂ ಏಪ್ರಿಲ್ ಚಳಿಯಲ್ಲಿ. 1981ರ ಏಪ್ರಿಲ್ 18ರ ರಾತ್ರಿ ಪಾಟಕೆಟ್ ಊರಿನಲ್ಲಿ ಶುರುವಾದ ಆಟ ಮರುದಿನ ಬೆಳಗಿನ ಜಾವ 4 ಗಂಟೆ 7 ನಿಮಿಷದವರೆಗೆ ನಡೆಯಿತು. ಒಂಬತ್ತು ಇನ್ನಿಂಗ್ಸ್‌ಗೆ ಮುಗಿಯಬೇಕಿದ್ದದ್ದು 32 ಇನ್ನಿಂಗ್ಸ್ ಆದರೂ ಸಮವೇ. ಆಟಗಾರರು ಮುರಿದ ಬ್ಯಾಟುಗಳನ್ನು ಸುಟ್ಟು ಮೈ ಕಾಯಿಸಿಕೊಂಡರು. ಕೊನೆಗೆ ಉಳಿದ ಪ್ರೇಕ್ಷಕರು 19 ಜನ. ಜೂನ್ 23ರಂದು ಮುಂದುವರಿಸಿದಾಗ 18 ನಿಮಿಷದಲ್ಲಿ ಮುಗಿದುಹೋಯಿತು, 3-2ರಿಂದ ನಾವು ಸೋತೆವು. ಮುಂದೆ ದೊಡ್ಡ ಹೆಸರಾದ ಕಾಲ್ ರಿಪ್ಕನ್ ಜೂನಿಯರ್ ಅವತ್ತು ನಮ್ಮ ತಂಡದಲ್ಲಿದ್ದ. ನನಗೆ ಮಾತ್ರ ಅವನಿಗಿಂತ ಆ 19 ಜನರ ಮೇಲೆ ಕುತೂಹಲ ಜಾಸ್ತಿ. ಮನೆಯಲ್ಲಿ ಏನಂತ ಹೇಳಿರಬಹುದು?

"ದುಡ್ಡಿಗೋಸ್ಕರ ಮಾಡೋದನ್ನ ಸಮಾಜಸೇವೆ ಅಂತ ಕರೀತಾರೆ ಅಷ್ಟೆ" ಅಂತ ಒಬ್ಬ ಗೆಳೆಯ ವಾದ ಮಾಡುತ್ತಾನೆ. ಪೂರಾ ಸುಳ್ಳಲ್ಲ. ಪುಸ್ತಕ ಓದಿ ಟಿಕೆಟ್ ಗೆದ್ದ ಮಗು ಒಂದೇ ಬರುವುದಿಲ್ಲ, ಅಪ್ಪ ಅಮ್ಮನಿಗೆ ಟಿಕೆಟ್ ಬೇಕು, ಎಲ್ಲರಿಗೂ ತಿಂಡಿ ಬೇಕು. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆದರೆ ಲೆಕ್ಕ ಅಷ್ಟಕ್ಕೇ ನಿಲ್ಲುವುದಿಲ್ಲ. ಇಲ್ಲಿನ ಬಹಳಷ್ಟು ಸ್ಟೇಡಿಯಂಗಳಲ್ಲಿ ತಿಂಡಿ ಅಂಗಡಿಯ ಹಿಂದೆ ನಿಂತವರು ಯಾವುದೋ ಶಾಲೆಯ ಬ್ಯಾಂಡ್‌ನವರ ಅಪ್ಪ ಅಮ್ಮಂದಿರು. ಸಂಜೆಯಿಡೀ ದುಡಿದರೆ ವ್ಯಾಪಾರದಲ್ಲಿ ಒಂದು ಪಾಲು ಬ್ಯಾಂಡ್‌ಗೆ ಹೋಗುತ್ತದೆ. ಆಟಗಾರರ ಕಡೆಯದು ನೋಡಿದರೆ ಬೇಸರದ ಕತೆ. ಬಹಳ ಕಾಲ ವಸಂತದ ಅಭ್ಯಾಸಕ್ಕೆ ಸಂಬಳವೇ ಇರುತ್ತಿರಲಿಲ್ಲ. ಕೆಳಗಿನ ಹಂತಗಳಲ್ಲಿ ಎಷ್ಟೋ ಹುಡುಗರು ಊರಿನವರ ಮನೆಯ ಖಾಲಿ ಕೋಣೆಯಲ್ಲಿ ಉಳಿದು ಆಡುತ್ತಿದ್ದರು. ಮೇಜರ್ ಲೀಗ್ ತಂಡಗಳೇ ವಸತಿ ಕೊಡಬೇಕು ಅಂತ ಆದದ್ದು 2022ರಲ್ಲಿ. 2023ರಲ್ಲಿ ಮೈನರ್ ಲೀಗ್ ಆಟಗಾರರಿಗಾಗಿ ಅವರ ಸಂಘದ ಮೊದಲ ಒಪ್ಪಂದ ಆಯಿತು, ಟ್ರಿಪಲ್ ಎ ಆಟಗಾರನಿಗೆ ವರ್ಷಕ್ಕೆ ಕನಿಷ್ಠ 35,800 ಡಾಲರ್ ನಿಗದಿಯಾಯಿತು. ಅಷ್ಟು ದಿನ ಆ ಹುಡುಗರಿಗೆ ಅನ್ನ ಹಾಕಿದ್ದು ಊರಿನ ಮನೆಗಳು. ಇದನ್ನು ಯಾವ ಲೆಕ್ಕಕ್ಕೆ ಬರೆಯುತ್ತೀಯಪ್ಪ ಅಂತ ಗೆಳೆಯನನ್ನು ಕೇಳಿದೆ. ಅವನು ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಊರು ಕೈಬಿಟ್ಟರೆ, ಅಥವಾ ಮೇಲಿನವರು ಕೈಬಿಟ್ಟರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. 2020ರವರೆಗೆ ಇಂಥ ತಂಡಗಳು 160 ಇದ್ದವು. 2021ಕ್ಕೆ 120 ಮಾಡಿದರು. ನಮ್ಮ ಪಕ್ಕದ ಬತೇವಿಯ ಸಣ್ಣ ಊರು, ಕಾರಿನಲ್ಲಿ ಒಂದು ಗಂಟೆಯೂ ಬೇಡ. ಆ ಊರಿನ ಮಕ್‌ಡಾಗ್ಸ್ ತಂಡದ ನಂಟು ಆಗಲೇ ಕಡಿದುಹೋಯಿತು. ಜನ ಸುಮ್ನೆ ಕೂರಲಿಲ್ಲ. ಈಗ ಬೇಸಿಗೆ ರಜೆಯಲ್ಲಿ ಕಾಲೇಜು ಹುಡುಗರು ಅದೇ ಹೆಸರಿನಲ್ಲಿ, ಅದೇ ಮೈದಾನದಲ್ಲಿ ಆಡುತ್ತಾರೆ.

ನಮ್ಮ ಊರಿಗೂ ಹಿಂದೆ ಇಂಥದೇ ಗಳಿಗೆ ಬಂದಿತ್ತು. ಆಗ ನಮ್ಮ ತಂಡ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಕೈಯಲ್ಲಿತ್ತು. ಅವರು ಇನ್ನು ಸಾಕು ಅಂದರು. 1957ರಲ್ಲಿ ಮೊರ್ರಿ ಸಿಲ್ವರ್ ಅನ್ನುವ ಊರಿನ ವ್ಯಾಪಾರಿ ಮುಂದೆ ನಿಂತು ಜನರಿಗೆ ಷೇರು ಮಾರಿ ತಂಡವನ್ನು ಕೊಂಡುಬಿಟ್ಟರು. ಷೇರು ತಗೊಂಡವರು 8,222 ಜನ. ಇವತ್ತಿಗೂ ತಂಡ ಆ ಷೇರುದಾರರ ಕಂಪನಿಯದ್ದೇ. ಸ್ಟೇಡಿಯಂ ಇರುವ ಬೀದಿಗೆ ಸಿಲ್ವರ್ ಹೆಸರಿದೆ, ಅವರ ಮಗಳು ಎಷ್ಟೋ ವರ್ಷದಿಂದ ಕ್ಲಬ್ ನಡೆಸುತ್ತಿದ್ದಾರೆ. ಆಟಗಾರರು ಹೊರಗಿನವರು, ತಂಡ ಮಾತ್ರ ಊರಿನದು. ಹೀಗೂ ಇರಬಹುದು ಅಂತ ನನಗೆ ಗೊತ್ತೇ ಇರಲಿಲ್ಲ.

ಒಬ್ಬ ಅಜ್ಜಿಗೆ ಜನವರಿಯಲ್ಲಿ ಫೋನ್ ಮಾಡಿದ್ದೆ. ಅವರ ಅಪ್ಪ ಕೊಂಡಿದ್ದ ಷೇರು ಪತ್ರ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದಾರಂತೆ. "ಅದರಿಂದ ಏನಾದರೂ ಲಾಭ ಬಂತಾ?" ಅಂತ ಕೇಳಿದೆ. "ನನ್ನ ಗಂಡ ಸಿಕ್ಕಿದ್ದು ಆ ಹಳೇ ಸ್ಟೇಡಿಯಂನಲ್ಲಿ. ಅದು ಲಾಭವೋ ನಷ್ಟವೋ ನೀನೇ ಹೇಳು" ಅಂದರು.

ಮೊದಲ ಪಂದ್ಯದ ದಿನ ಅವರು ಕಂಬಳಿ ಹೊದ್ದು ಬಂದರು. ಮಳೆ, ಗಾಳಿ, ಬೆರಳು ಮಡಚಲು ಆಗದಷ್ಟು ಚಳಿ. ಎರಡು ತಿಂಗಳು ಕಾದಿದ್ದ ಕೆಲಸ ಈಗ ಬಂತು ಅಂತ ನಾನು ಓಡಿಹೋಗಿ "ಬನ್ನಿ, ನಿಮ್ಮ ಸೀಟು ತೋರಿಸ್ತೀನಿ" ಅಂದೆ. ಅವರು ನನ್ನ ಕೈಯಲ್ಲಿದ್ದ ಒರೆಸುವ ಬಟ್ಟೆ ಕಿತ್ತುಕೊಂಡು ತಾವೇ ನಡೆದರು. ತಮ್ಮ ಸೀಟು ಒರೆಸಿಕೊಂಡು, ಪಕ್ಕದ ಖಾಲಿ ಸೀಟನ್ನೂ ಒರೆಸಿ, ಅದರ ಮೇಲೆ ಬ್ಯಾಗು ಇಟ್ಟು ಕೂತರು.

ರಾತ್ರಿ ಇದನ್ನು ಫೋನಿನಲ್ಲಿ ಹೇಳಿದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಆಟ ಇದ್ದಾಗ್ಲೂ ನಿಂಗೆ ಅಲ್ಲಿ ಕೆಲಸ ಇಲ್ಲ ಅಂತಾಯ್ತು" ಅಂದರು.