ಮಾದರಿ ಮಗ್ಗದ ಕೆಲಸ: ನಾಗೋಯಾದಿಂದ ಬಂದ ಮೇಲಿನ ಪ್ರಗತಿ

ಎಳೆ ಹರಿದಾಗ ಮಗ್ಗ ತಾನಾಗಿಯೇ ನಿಲ್ಲಬೇಕೆಂಬ ನನ್ನ ಪ್ರಯತ್ನ ಈ ಬಾರಿ ಒಂದು ಹದಕ್ಕೆ ಬಂದಿದೆ. ನಿಲ್ಲುವ ವ್ಯವಸ್ಥೆ ಮೊದಲೇ ಇತ್ತು. ಆದರೆ ಅದು ಎಳೆ ಹರಿಯದಿದ್ದರೂ ನಿಲ್ಲುತ್ತಿತ್ತು, ಹರಿದಾಗ ನಿಂತರೂ ಸಿಕ್ಕಸಿಕ್ಕಲ್ಲಿ ನಿಲ್ಲುತ್ತಿತ್ತು. ಎರಡನೆಯ ತೊಂದರೆಯನ್ನು ನಾನು ತೊಂದರೆಯೆಂದೇ ಎಣಿಸಿರಲಿಲ್ಲ. ಕಾಲೇಜಿನ ಅಧ್ಯಯನ ಪ್ರವಾಸದಲ್ಲಿ ಜಪಾನಿನ ಟೊಯೊಟಾ ಕಾರು ಕಾರ್ಖಾನೆಯನ್ನು ನೋಡಿದ ದಿನ ಆ ಎಣಿಕೆ ಬದಲಾಯಿತು.

ಮಗ್ಗದ ವಿವರ ಹೀಗಿದೆ. ಹದಿನೈದು ಇಂಚು ಅಗಲ, 240 ಹಾಸಿನ (ಉದ್ದಕ್ಕೆ ಹಾಯುವ) ಎಳೆಗಳು, ಆ ಎಳೆಗಳನ್ನು ಸರದಿಯಂತೆ ಮೇಲೆ ಕೆಳಗೆ ಮಾಡುವ ಎರಡು ಹೀಲ್ಡು, ತೇಗದ ಚೌಕಟ್ಟು. ಓಡಿಸುವುದು ಹಳೆಯ ಕಾರಿನ ವೈಪರ್ ಮೋಟರು. ಅದರ ದಂಡ ನಿಮಿಷಕ್ಕೆ ಸುಮಾರು 40 ಸುತ್ತು ತಿರುಗುತ್ತದೆ, ಒಂದು ಸುತ್ತಿಗೆ ಒಂದು ಹೊಕ್ಕು (ಅಡ್ಡ ಎಳೆ). ಪ್ರತಿ ಹಾಸಿನ ಎಳೆಯೂ ತೆಳುವಾದ ಉಕ್ಕಿನ ಪಟ್ಟಿಯೊಂದರ ಕಣ್ಣಿನ ಮೂಲಕ ಹಾಯುತ್ತದೆ. ಗಿರಣಿಯವರು ಇದನ್ನು ಡ್ರಾಪ್ ಪಿನ್ನು ಎನ್ನುತ್ತಾರೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಇಂಥ ಪಿನ್ನುಗಳು ಇಂದಿಗೂ ಗುಜರಿ ಅಂಗಡಿಗಳಲ್ಲಿ ತೂಕಕ್ಕೆ ದೊರೆಯುತ್ತವೆ. ಎಳೆ ಬಿಗಿಯಾಗಿರುವವರೆಗೆ ಪಿನ್ನು ಅದರ ಮೇಲೆ ನೇತಾಡುತ್ತದೆ. ಎಳೆ ಹರಿದರೆ ಕೆಳಗೆ ಬಿದ್ದು, ಒಂದಕ್ಕೊಂದು ತಾಗದಂತೆ ಜೋಡಿಸಿದ ಎರಡು ಹಿತ್ತಾಳೆ ಪಟ್ಟಿಗಳನ್ನು ಕೂಡಿಸುತ್ತದೆ. ಆಗ ವಿದ್ಯುತ್ತು ಹರಿದು ರಿಲೇ, ಅಂದರೆ ವಿದ್ಯುತ್ತಿನಿಂದಲೇ ಆಡುವ ಸ್ವಿಚ್ಚು, ಎಳೆದುಕೊಳ್ಳುತ್ತದೆ, ಮೋಟರಿನ ಸಂಪರ್ಕ ಕಡಿಯುತ್ತದೆ.

ಪ್ರವಾಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಟೊಯೊಟಾ ನೋಡಬೇಕಾದರೆ ಬಿಡದಿಗೆ ಹೋದರೆ ಸಾಲದೇ ಎಂದು ಮನೆಯಲ್ಲಿ ಕೇಳಿದವರಿದ್ದಾರೆ. ಬಿಡದಿಯಲ್ಲಿ 1999ರಿಂದ ಕಾರುಗಳು ತಯಾರಾಗುತ್ತಿರುವುದು ನಿಜವೇ. ಆದರೆ ಆ ಕಂಪನಿ ಹುಟ್ಟಿದ್ದು ಮಗ್ಗದ ದುಡ್ಡಿನಿಂದ, ಮತ್ತು ಆ ಮಗ್ಗಗಳು ಇರುವುದು ನಾಗೋಯಾದಲ್ಲಿ.

ಬೆಳಿಗ್ಗೆ ನಮ್ಮನ್ನು ಟೊಯೊಟಾ ನಗರದ ಜೋಡಣಾ ಘಟಕಕ್ಕೆ ಕರೆದೊಯ್ದರು. ಕೊರೊಮೊ ಎಂಬ ಹೆಸರಿದ್ದ ಈ ಊರು 1959ರಲ್ಲಿ ಕಂಪನಿಯ ಹೆಸರನ್ನೇ ಇಟ್ಟುಕೊಂಡಿತಂತೆ. ಫೋನುಗಳನ್ನು ಹೊರತೆಗೆಯುವಂತಿರಲಿಲ್ಲವಾದ್ದರಿಂದ ಕಂಡದ್ದನ್ನು ನೋಟುಪುಸ್ತಕದಲ್ಲಿ ಗೀಚಿಕೊಂಡೆ. ಸಂದರ್ಶಕರು ನಡೆಯುವ ಮೇಲ್ದಾರಿಯಿಂದ ಕೆಳಗೆ ನೋಡಿದರೆ ಕಾರುಗಳ ಸಾಲು ನಿಧಾನವಾಗಿ ಸರಿಯುತ್ತಿರುತ್ತದೆ, ಕೆಲಸಗಾರರು ಅದರೊಂದಿಗೇ ನಡೆಯುತ್ತ ಬೋಲ್ಟು ಬಿಗಿಯುತ್ತಿರುತ್ತಾರೆ. ಅವರ ತಲೆಯ ಮೇಲೆ ಸಾಲಿನುದ್ದಕ್ಕೂ ಒಂದು ಹಗ್ಗ. ಏನಾದರೂ ಸರಿಯಿಲ್ಲವೆನಿಸಿದರೆ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು. ಎಳೆದ ಕೂಡಲೇ ಒಂದು ರಾಗ ನುಡಿಯುತ್ತದೆ, ಆಂಡನ್ ಎಂಬ ಫಲಕದಲ್ಲಿ ಆ ಜಾಗದ ಸಂಖ್ಯೆ ಬೆಳಗುತ್ತದೆ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ.

ಹಗ್ಗ ಎಳೆದೊಡನೆ ಎಲ್ಲವೂ ಗಕ್ಕನೆ ನಿಲ್ಲುತ್ತದೆಂದು ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಸಾಲು ಚಲಿಸುತ್ತಲೇ ಇತ್ತು. ನಮಗೆ ವಿವರಿಸುತ್ತಿದ್ದವರು ನೆಲದ ಮೇಲಿನ ಒಂದು ಗೆರೆಯನ್ನು ತೋರಿಸಿ, ಕಾರು ಅಲ್ಲಿಗೆ ತಲುಪುವುದರೊಳಗೆ ತೊಂದರೆ ಸರಿಹೋದರೆ ಹಗ್ಗವನ್ನು ಮತ್ತೊಮ್ಮೆ ಎಳೆದು ಕರೆಯನ್ನು ರದ್ದು ಮಾಡುತ್ತಾರೆಂದೂ, ಸರಿಹೋಗದಿದ್ದರೆ ಮಾತ್ರ ಸಾಲು ಆ ಗೆರೆಯಲ್ಲಿಯೇ ನಿಲ್ಲುತ್ತದೆಂದೂ ಹೇಳಿದರು. ನಡುವೆ ಎಲ್ಲೋ ನಿಲ್ಲಿಸಿದರೆ ಅಕ್ಕಪಕ್ಕದ ಕೆಲಸಗಾರರೆಲ್ಲ ತಮ್ಮ ಕೆಲಸವನ್ನು ಅರ್ಧಕ್ಕೆ ಬಿಡಬೇಕಾಗುತ್ತದೆ, ಮತ್ತೆ ಶುರು ಮಾಡುವಾಗ ಯಾವ ಬೋಲ್ಟು ಬಿಗಿದಾಗಿತ್ತು, ಯಾವುದು ಉಳಿದಿತ್ತು ಎಂಬ ಗೊಂದಲವಾಗುತ್ತದೆ. ಗೆರೆಯ ಬಳಿ ನಿಂತರೆ ಎಲ್ಲರ ಪಾಲಿನ ಕೆಲಸವೂ ಮುಗಿದಿರುತ್ತದೆ. ನೋಟುಪುಸ್ತಕದಲ್ಲಿ ನಾನು ಅಡಿಗೆರೆ ಎಳೆದದ್ದು ಇದೊಂದಕ್ಕೇ.

ಮಧ್ಯಾಹ್ನ ನಾಗೋಯಾದ ಟೊಯೊಟಾ ಸ್ಮಾರಕ ಕೈಗಾರಿಕಾ ಮತ್ತು ತಂತ್ರಜ್ಞಾನ ಸಂಗ್ರಹಾಲಯಕ್ಕೆ ಹೋದೆವು. ಟೊಯೊಟಾ ಸಮೂಹದ ಮೂಲಪುರುಷ ಸಕಿಚಿ ಟೊಯೊಡಾ ಅವರ ಹಳೆಯ ಜವಳಿ ಗಿರಣಿಯ ಕೆಂಪು ಇಟ್ಟಿಗೆಯ ಕಟ್ಟಡವನ್ನೇ ಉಳಿಸಿಕೊಂಡು 1994ರಲ್ಲಿ ಇದನ್ನು ತೆರೆದಿದ್ದಾರೆ. ಸಹಪಾಠಿಗಳು ರೋಬೋಟುಗಳ ಕಡೆಗೆ ನಡೆದರು, ನಾನು ಮಗ್ಗಗಳ ಬಳಿಯೇ ಉಳಿದೆ. ಬಡಗಿಯ ಮಗನಾದ ಸಕಿಚಿ 1891ರಲ್ಲಿ ಮರದ ಕೈಮಗ್ಗಕ್ಕೆ ಪೇಟೆಂಟು ಪಡೆದು, ಮುಂದಿನ ಮೂರು ದಶಕಗಳ ಕಾಲ ತಿದ್ದುತ್ತ ತಿದ್ದುತ್ತ 1924ರ ಹೊತ್ತಿಗೆ ಜಿ ಮಾದರಿಯ ಸ್ವಯಂಚಾಲಿತ ಮಗ್ಗಕ್ಕೆ ಬಂದು ಮುಟ್ಟಿದರು. ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿಯುತ್ತ ಬಂದಾಗ ಮಗ್ಗ ನಿಲ್ಲದೆಯೇ ಹೊಸ ಲಾಳಿ ಒಳಸೇರುವುದು ಇದರ ಹೆಗ್ಗಳಿಕೆ. 1929ರಲ್ಲಿ ಇದರ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಯೇ ಕೊಂಡುಕೊಂಡಿತು. ಜಗತ್ತಿಗೆಲ್ಲ ಮಗ್ಗ ಮಾರುತ್ತಿದ್ದವರು ಜಪಾನಿನಿಂದ ಕೊಳ್ಳುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ.

ಅಲ್ಲಿನ ಸಿಬ್ಬಂದಿಯೊಬ್ಬರು ಓಡುತ್ತಿದ್ದ ಮಗ್ಗದ ಒಂದು ಹಾಸಿನ ಎಳೆಯನ್ನು ಬೇಕೆಂದೇ ಕತ್ತರಿಸಿದರು. ಪಿನ್ನು ಬಿತ್ತು, ಮಗ್ಗ ನಿಂತಿತು. ಇದರಲ್ಲಿ ವಿದ್ಯುತ್ತಿನ ಕೆಲಸವಿಲ್ಲ: ಬಿದ್ದ ಪಿನ್ನು ಅತ್ತಿಂದಿತ್ತ ಆಡುವ ಹಲ್ಲಿನ ಸರಳಿಗೆ ಅಡ್ಡವಾಗುತ್ತದೆ, ಸರಳು ತಡೆದಾಗ ಮಗ್ಗದ ಸನ್ನೆ ಬಿಡುತ್ತದೆ. ನಾನು ಗಮನಿಸಿದ್ದು ಪಿನ್ನಿಗಿಂತ ಮುಖ್ಯವಾಗಿ ಮಗ್ಗ ನಿಂತ ಭಂಗಿಯನ್ನು. ಲಾಳಿ ತನ್ನ ಪೆಟ್ಟಿಗೆಯೊಳಗಿತ್ತು, ಹೊಕ್ಕನ್ನು ಬಡಿದು ಕೂಡಿಸುವ ಹಣಿಗೆ ಬಟ್ಟೆಯಿಂದ ದೂರ ಸರಿದಿತ್ತು, ಕೈ ಹಾಕಲು ಜಾಗವಿತ್ತು.

ಊರಿಗೆ ಬಂದ ಮೇಲೆ ಮೊದಲು ಕೈಹಾಕಿದ್ದು ಸುಳ್ಳು ನಿಲುಗಡೆಗೆ. ಎರಡು ಹೀಲ್ಡುಗಳು ಸಮಮಟ್ಟಕ್ಕೆ ಬರುವ ಗಳಿಗೆಯಲ್ಲಿ ಹಾಸು ಕೊಂಚ ಸಡಿಲಾಗುತ್ತದೆ, ಆಗ ಪಿನ್ನುಗಳು ಕುಣಿದು ಪಟ್ಟಿಗೆ ತಾಗಿ ಹೋಗುತ್ತವೆ. ಹೀಗೆ ತಾಗಿ ಹೋದದ್ದಕ್ಕೂ ಬಿದ್ದು ಕೂತದ್ದಕ್ಕೂ ಇರುವ ವ್ಯತ್ಯಾಸ ಹೊತ್ತಿನದು ಮಾತ್ರ. ರಿಲೇಯನ್ನು ಎಳೆಯುವ ಟ್ರಾನ್ಸಿಸ್ಟರಿನ ಮುಂದೆ ಒಂದು ರೆಸಿಸ್ಟರು, ಒಂದು ಕೆಪಾಸಿಟರು ಸೇರಿಸಿ, ಸ್ಪರ್ಶ ಸುಮಾರು 0.3 ಸೆಕೆಂಡು ಉಳಿದರೆ ಮಾತ್ರ ರಿಲೇ ಎಳೆಯುವಂತೆ ಮಾಡಿದೆ. ಸುಳ್ಳು ನಿಲುಗಡೆ ಬಹುಮಟ್ಟಿಗೆ ತೊಲಗಿತು. ಹತ್ತಿಯ ಧೂಳು ಪಟ್ಟಿಯ ಮೇಲೆ ಕೂರುವುದು ತಪ್ಪಿಲ್ಲ. ಅದನ್ನು ಬ್ರಷ್ಷಿನಿಂದ ಗುಡಿಸುತ್ತಲೇ ಇರಬೇಕು.

ನಿಲ್ಲುವ ಜಾಗದ ಪ್ರಶ್ನೆಗೆ ಉತ್ತರ ಮೋಟರಿನೊಳಗೇ ಇತ್ತು. ವೈಪರನ್ನು ಯಾವಾಗ ಆರಿಸಿದರೂ ಅದರ ಕಡ್ಡಿ ಗಾಜಿನ ನಡುವೆ ನಿಲ್ಲದೆ ಕೆಳಗೆ ಹೋಗಿಯೇ ಮಲಗುತ್ತದಲ್ಲವೇ? ಅದಕ್ಕಾಗಿ ಮೋಟರಿನ ಗೇರಿನ ಮೇಲೆ ಒಂದು ಕಡೆ ಕಚ್ಚು ಇರುವ ತಾಮ್ರದ ಬಿಲ್ಲೆಯೊಂದಿರುತ್ತದೆ, ಪಾರ್ಕಿಂಗ್ ತಂತಿ ಎಂಬ ಪ್ರತ್ಯೇಕ ತಂತಿ ಅಲ್ಲಿಂದ ಹೊರಬರುತ್ತದೆ. ಸ್ವಿಚ್ಚು ಆರಿಸಿದರೂ ಕಚ್ಚು ಬರುವವರೆಗೆ ಈ ತಂತಿಯ ಮೂಲಕ ಮೋಟರಿಗೆ ವಿದ್ಯುತ್ತು ಸಿಗುತ್ತಲೇ ಇರುತ್ತದೆ. ಕಚ್ಚು ಬಂದಾಗ ಸುರುಳಿಯ ಎರಡು ತುದಿಗಳೂ ಕೂಡಿಕೊಂಡು ಬ್ರೇಕಿನಂತೆ ಕೆಲಸ ಮಾಡುತ್ತವೆ. ಈಗ ರಿಲೇ ವಿದ್ಯುತ್ತನ್ನು ಪೂರ್ತಿ ಕಡಿಯುವ ಬದಲು ಮೋಟರನ್ನು ಪಾರ್ಕಿಂಗ್ ತಂತಿಗೆ ವರ್ಗಾಯಿಸುತ್ತದೆ. ದಂಡದ ಜೋಡಣೆಯನ್ನು ಸಡಿಲಿಸಿ ತಿರುಗಿಸಿ, ಲಾಳಿ ಪೆಟ್ಟಿಗೆಗೆ ಸೇರಿ ಹೀಲ್ಡುಗಳು ಸಮವಾಗುವ ಹೊತ್ತಿಗೆ ಕಚ್ಚು ಬರುವಂತೆ ಕೂರಿಸಿದ್ದೇನೆ. ಎಳೆ ಹರಿದ ಮೇಲೆ ಹೆಚ್ಚೆಂದರೆ ಒಂದೋ ಎರಡೋ ಹೊಕ್ಕು ಬೀಳುತ್ತವೆ, ಅವನ್ನು ಕೈಯಲ್ಲಿ ಬಿಚ್ಚಬಹುದು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರರು ಇಷ್ಟನ್ನೂ ಒಪ್ಪಲಾರರೇನೋ. ನನ್ನ ಹತ್ತಿ ಪಟ್ಟಿಗೆ ಇದು ಧಾರಾಳವಾಯಿತು.

ನಮ್ಮ ಓಣಿಯಲ್ಲಿ ಹಿಂದೆ ಗಿರಣಿಯ ಮಗ್ಗದ ಖಾತೆಯಲ್ಲಿ ಜಾಬರ್ (ಮಗ್ಗಗಳ ಮೇಲ್ವಿಚಾರಕ) ಆಗಿದ್ದ ಅಜ್ಜನೊಬ್ಬರಿದ್ದಾರೆ. ಅವರನ್ನು ಕರೆತಂದು ಕೂರಿಸಿ, ಮಗ್ಗ ಓಡಿಸಿ, ಒಂದು ಎಳೆಯನ್ನು ಕತ್ತರಿಸಿ ತೋರಿಸಿದೆ. ಮಗ್ಗ ನಿಂತಿತು. ಅಜ್ಜ ಕನ್ನಡಕ ಏರಿಸಿಕೊಂಡು ಪಿನ್ನುಗಳ ಸಾಲಿನ ಮೇಲೆ ಬೆರಳನ್ನು ಉದ್ದಕ್ಕೆ ಎಳೆದುಕೊಂಡು ಹೋದರು.

“ನಿಂತಿದ್ದು ಚಲೋ ಆತು ತಮ್ಮಾ. ಹರಿದ ಎಳಿ ಯಾವುದು ಅಂತ ಹೆಂಗ ಗೊತ್ತಾಗಬೇಕು? ನಮ್ಮಲ್ಲಿ ಹುಡುಕಾಕ ಹೊತ್ತು ಹೋಗ್ತಿತ್ತು, ನೇಯಾಕಲ್ಲ.”

“ಬಿದ್ದ ಪಿನ್ನು ಕೆಳಗಿರ್ತತಿ ಅಲ್ರೀ ಅಜ್ಜಾ, ಕಾಣಂಗಿಲ್ಲೇನ್ರೀ?”

“ಇನ್ನೂರ ನಲವತ್ತಕ್ಕ ಕಾಣ್ತತಿ. ಎರಡು ಸಾವಿರಕ್ಕ ಕಾಣಂಗಿಲ್ಲ.”

ಆದ್ದರಿಂದ ಹಿತ್ತಾಳೆ ಪಟ್ಟಿಯನ್ನು ಅರವತ್ತು ಪಿನ್ನುಗಳಿಗೊಂದರಂತೆ ನಾಲ್ಕು ತುಂಡು ಮಾಡಿ, ಪ್ರತಿ ತುಂಡಿಗೂ ಒಂದೊಂದು ಕೆಂಪು ಎಲ್‌ಇಡಿ ಕೊಡಲು ನಿರ್ಧರಿಸಿದ್ದೇನೆ. ರಿಲೇಗೆ ಹೋಗುವ ದಾರಿಯಲ್ಲಿ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡನ್ನು ತುಂಡಿಗೊಂದರಂತೆ ಹಾಕದಿದ್ದರೆ ನಾಲ್ಕೂ ದೀಪಗಳು ಒಟ್ಟಿಗೇ ಹತ್ತುತ್ತವೆ. ಪಟ್ಟಿ ಕತ್ತರಿಸಿ ಆಗಿದೆ, ನಡುವೆ ಇಡುವ ಫೈಬರ್ ಹಾಳೆಯನ್ನು ಇನ್ನೂ ತರಬೇಕು.