ಡುಂಕೆಲ್‌ಬ್ಲೊಂಟ್ ಅಂದರೆ ಯಾವ ಬಣ್ಣ?

ಕಳೆದ ಏಪ್ರಿಲ್‌ನಲ್ಲಿ ಒಂದು ಶನಿವಾರ, ಜರ್ಮನಿಯ ಲೈಪ್‌ಜಿಗ್‌ನ ಕ್ಲಾರಾ ತ್ಸೆಟ್ಕಿನ್ ಪಾರ್ಕಿನಲ್ಲಿ ಮಗಳನ್ನು ಆಡಲು ಬಿಟ್ಟು ಬೆಂಚಿನ ಮೇಲೆ ಕೂತಿದ್ದೆ. ಚಳಿಗಾಲ ಕಳೆದು ಒಳ್ಳೆ ಬಿಸಿಲು ಬಿದ್ದಿತ್ತು, ಅರ್ಧ ಊರೇ ಅಲ್ಲಿ ಸೇರಿತ್ತು. ಒಬ್ಬ ತಾಯಿ ಗಾಬರಿಯಿಂದ ಓಡಿ ಬಂದರು. "ನನ್ನ ಮಗನನ್ನ ನೋಡಿದ್ರಾ? ಐದು ವರ್ಷ, ನೀಲಿ ಜಾಕೆಟ್, ಡುಂಕೆಲ್‌ಬ್ಲೊಂಟ್."

ಕೊನೆಯದು ಕೂದಲಿನ ಬಣ್ಣ. ಡುಂಕೆಲ್ ಅಂದರೆ ಗಾಢ. ಬ್ಲೊಂಟ್ ಅಂದರೆ ಇಂಗ್ಲಿಷಿನ ಬ್ಲಾಂಡ್, ಜರ್ಮನ್ನರ ಬಾಯಲ್ಲಿ ಕೊನೆಯ ಡ ಟ ಆಗುತ್ತದೆ ಅಷ್ಟೇ. ನನ್ನ ತಲೆಗೆ ತಕ್ಷಣ ಬಂದದ್ದು ಹಳದಿ. ಗಾಢ ಅಂದದ್ದಕ್ಕೆ ಸ್ವಲ್ಪ ಜೇನಿನ ಬಣ್ಣ ಸೇರಿಸಿಕೊಂಡೆ. ಸುತ್ತ ಕಣ್ಣಾಡಿಸಿದೆ. ಅಂಥ ತಲೆಯ ಹುಡುಗರು ಇಬ್ಬರಿದ್ದರು, ಇಬ್ಬರೂ ಅವರವರ ಅಪ್ಪಂದಿರ ಜೊತೆಗಿದ್ದರು. "ಇಲ್ಲ, ಈ ಕಡೆ ಬಂದಿಲ್ಲ" ಅಂದುಬಿಟ್ಟೆ. ಅವರು ಕೊಳದ ಕಡೆ ಓಡಿದರು.

ಆ ಹುಡುಗ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿದ್ದ. ನನ್ನ ಮಗಳ ಪಕ್ಕದಲ್ಲೇ ಕೂತು ಮರಳಿನಲ್ಲಿ ಗುಂಡಿ ತೋಡುತ್ತಿದ್ದ. ಜಾಕೆಟ್ ಬಿಚ್ಚಿ ಎಲ್ಲೋ ಎಸೆದಿದ್ದ. ಕೂದಲು ನನ್ನ ಕಣ್ಣಿಗೆ ಕಂದು, ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ. ಅವನನ್ನು ನಾನು ಕಾಲು ಗಂಟೆಯಿಂದ ನೋಡುತ್ತಲೇ ಇದ್ದೆ! ಕೊಳದ ಹತ್ತಿರ ಆ ತಾಯಿ ಮಗನ ಹೆಸರು ಕೂಗುವುದು ಕೇಳಿಸಿತು. ಇವನು ತಲೆ ಎತ್ತಿ "ಮಾಮಾ" ಅಂದ. ಇಲ್ಲಿ ಅಮ್ಮನನ್ನೇ ಮಾಮಾ ಅನ್ನುವುದು. ಆಗ ನನಗೆ ಎದೆ ಧಸಕ್ಕೆಂದಿತು. ಅವನ ಕೈ ಹಿಡಿದುಕೊಂಡು ಓಡಿದೆ. ಮಗಳೂ ಹಿಂದೆ ಓಡಿ ಬಂದಳು.

ಆ ತಾಯಿ ನನಗೆ ಏನೂ ಅನ್ನಲಿಲ್ಲ. ಮಗನನ್ನು ತಬ್ಬಿಕೊಂಡು ಹುಲ್ಲಿನ ಮೇಲೆ ಕುಸಿದು ಕೂತರು. ನಾನು ತಡೆಯಲಾರದೆ ಹೇಳಿಯೇಬಿಟ್ಟೆ, "ಇವನ ಕೂದಲು ಕಂದು ಅಲ್ವಾ, ಅದಕ್ಕೇ ಗೊತ್ತಾಗಲಿಲ್ಲ." ಅವರಿಗೆ ನಿಜಕ್ಕೂ ಆಶ್ಚರ್ಯ ಆಯಿತು. "ಕಂದಾ? ಇಲ್ಲವಲ್ಲ!" ಅಂದು ಫೋನ್ ತೆಗೆದು ತೋರಿಸಿದರು. ಎರಡು ವರ್ಷದ ಮಗು, ತಲೆ ತುಂಬ ಒಣಹುಲ್ಲಿನಂಥ ಕೂದಲು, ಹೆಚ್ಚುಕಮ್ಮಿ ಬಿಳಿ. ಅದಕ್ಕೆ ಷ್ಟ್ರೋಬ್ಲೊಂಟ್ ಅಂತಾರೆ. ಷ್ಟ್ರೋ ಅಂದರೆ ಒಣಹುಲ್ಲೇ. ಇಲ್ಲಿ ಎಷ್ಟೋ ಮಕ್ಕಳಿಗೆ ಹೀಗೇ, ಚಿಕ್ಕವರಿದ್ದಾಗ ತಿಳಿ, ಬೆಳೆದಂತೆ ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಹೆಚ್ಚಿ ಗಾಢ. ಆದರೆ ಬ್ಲೊಂಟ್ ಅನ್ನುವ ಮಾತು ಕೂದಲಿನ ಜೊತೆ ಬಹಳ ದೂರ ಬರುತ್ತದೆ. ಆ ತಾಯಿ ಮಗನ ತಲೆ ನೋಡಿದಾಗ ಮೂರು ವರ್ಷದ ಹಿಂದಿನ ಆ ಬಿಳಿಯೂ ಅವರ ಕಣ್ಣಿಗೆ ಕಾಣುತ್ತದೆ. ನನಗೆ ಎಲ್ಲಿಂದ ಕಾಣಬೇಕು?

ಆ ವಾರ ಔಷಧಿ, ಸೋಪು ಮಾರುವ ಅಂಗಡಿಗೆ ಹೋದಾಗ ಕೂದಲಿಗೆ ಹಚ್ಚುವ ಬಣ್ಣದ ಡಬ್ಬಿಗಳ ಮುಂದೆ ತುಂಬಾ ಹೊತ್ತು ನಿಂತೆ. ಅದಕ್ಕೊಂದು ಲೆಕ್ಕವೇ ಇದೆ. 1 ಅಂದರೆ ಕಪ್ಪು, 10 ಅಂದರೆ ತೀರಾ ತಿಳಿ. 5 ತಿಳಿ ಕಂದು, 6 ಡುಂಕೆಲ್‌ಬ್ಲೊಂಟ್, 8 ಹೆಲ್‌ಬ್ಲೊಂಟ್, ಅಂದರೆ ತಿಳಿ ಬ್ಲೊಂಟ್. 5ರ ಡಬ್ಬಿ, 6ರ ಡಬ್ಬಿ ಎರಡನ್ನೂ ಅಕ್ಕಪಕ್ಕ ಹಿಡಿದು ಕಿಟಕಿಯ ಬೆಳಕಿಗೆ ತಂದು ನೋಡಿದೆ. ಎರಡೂ ಕಂದೇ! ಡಬ್ಬಿ ಜೋಡಿಸುತ್ತಿದ್ದ ಹುಡುಗಿಯನ್ನು ಕೇಳಿದೆ. "ನನ್ನದೂ ಅದೇ ನೋಡಿ" ಅಂತ ತನ್ನ ಜಡೆ ಮುಂದಕ್ಕೆ ತಂದಳು. ಈ ಬಣ್ಣಕ್ಕೆ ಇನ್ನೊಂದು ಮಾತಿದೆ ಅಂತಲೂ ಹೇಳಿದಳು: ಷ್ಟ್ರಾಸೆನ್‌ಕೋಟರ್‌ಬ್ಲೊಂಟ್, ಬೀದಿನಾಯಿ ಬ್ಲೊಂಟ್. ಹೇಳಿಕೊಂಡು ನಕ್ಕಳು. ನನಗೆ ಮಾತ್ರ ಆ ಮಾತು ಇಷ್ಟವಾಗಲಿಲ್ಲ. ಅವಳ ಜಡೆ ಚೆನ್ನಾಗಿತ್ತು, ಬಿಸಿಲು ಬಿದ್ದ ಕಡೆಯಲ್ಲೆಲ್ಲ ಬಂಗಾರದ ಎಳೆ ಮಿನುಗುತ್ತಿತ್ತು. ಹೆಣ್ಣುಮಕ್ಕಳ ಕೂದಲಿನ ಬಣ್ಣಕ್ಕೇ ಹೀಗೆ ಮಾತು ಜಾಸ್ತಿ. ತಿಳಿ ಕೂದಲಿನವಳನ್ನು ಬ್ಲೊಂಡೀನೆ ಅಂತ ಕರೆದು, ಬುದ್ಧಿ ಕಮ್ಮಿ ಅಂತ ಜೋಕು ಕಟ್ಟುವ ಚಾಳಿ ಇಲ್ಲಿ ಹಳೆಯದು. ಕೂದಲಿನ ಬಣ್ಣಕ್ಕೂ ಬುದ್ಧಿಗೂ ಏನು ಸಂಬಂಧ? ಇಂಗ್ಲಿಷಿನಲ್ಲಂತೂ ಬರೆಯುವಾಗಲೂ ಗಂಡಿಗೊಂದು, ಹೆಣ್ಣಿಗೊಂದು, ಕೊನೆಗೆ 'ಇ' ಅಕ್ಷರ ಸೇರಿಸಿ. ಫ್ರೆಂಚಿನಿಂದ ಬಂದ ಮಾತು, ಅಲ್ಲಿಯ ಲಿಂಗವನ್ನೂ ಕಟ್ಟಿಕೊಂಡು ಬಂದಿದೆ.

ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದೆಲ್ಲ ಹೇಳಿದೆ. "ಕೆಂಚು ಕೂದ್ಲು ಅನ್ನು" ಅಂದಳು ಒಂದೇ ಮಾತಿಗೆ. ಹೌದಲ್ಲ! ನಮ್ಮಲ್ಲೂ ಮಾತಿದೆ. ನಮ್ಮ ಬೀದಿಯಲ್ಲಿ ಒಬ್ಬಳನ್ನು ಕೆಂಚಿ ಅಂತಲೇ ಕರೆಯುತ್ತಿದ್ದೆವು. ಕೆಂಚಪ್ಪ, ಕೆಂಚಮ್ಮ ಅಂತ ಹೆಸರಿಡುತ್ತಾರೆ, ಆಲೂರು ತಾಲ್ಲೂಕಿನಲ್ಲಿ ಕೆಂಚಮ್ಮನ ಹೊಸಕೋಟೆ ಅಂತ ಊರೇ ಇದೆ. ಆದರೆ ನಾನು ಚಿಕ್ಕವಳಿದ್ದಾಗ ಕೆಂಚು ಅನ್ನುವುದು ಬೈಗುಳದ ಹತ್ತಿರದ ಮಾತು. "ಎಣ್ಣೆ ಹಚ್ಚಲ್ಲ, ಬಿಸ್ಲಲ್ಲಿ ಅಲೀತೀಯ, ನೋಡು ಕೂದ್ಲು ಹೇಗೆ ಕೆಂಚಾಗಿದೆ" ಅಂತ ಅಮ್ಮ ತಲೆ ಬಾಚುವಾಗಲೆಲ್ಲ ಬೈಯುತ್ತಿದ್ದಳು. ಊಟ ಸಾಲದ ಮಕ್ಕಳ ಕೂದಲೂ ಬಣ್ಣಗೆಟ್ಟು ಕೆಂಚಾಗುವುದುಂಟು, ಹಾಗಾಗಿ ಆ ಬೈಗುಳದ ಹಿಂದೆ ಒಂದು ಭಯವೂ ಇತ್ತೇನೋ. ಇಲ್ಲಿಯ ಅಮ್ಮಂದಿರು ಬ್ಲೊಂಟ್ ಅನ್ನುವಾಗ ಆ ದನಿಯೇ ಇಲ್ಲ.

ಈಗ ಯಾರಾದರೂ ಮಗು ಕಾಣಿಸ್ತಿಲ್ಲ ಅಂದರೆ ನಾನು ಮೊದಲು ಫೋಟೊ ತೋರಿಸಿ ಅನ್ನುತ್ತೇನೆ.

ಎರಡು ವಾರ ಬಿಟ್ಟು ಅದೇ ಪಾರ್ಕಿನಲ್ಲಿ ಆ ತಾಯಿ ಮತ್ತೆ ಸಿಕ್ಕರು. ಮಗನನ್ನು ಹತ್ತಿರ ಎಳೆದುಕೊಂಡು ಕತ್ತಿನ ಹಿಂದಿನ ಕೂದಲನ್ನು ಬೆರಳಿನಿಂದ ಬಿಡಿಸಿ ತೋರಿಸಿದರು. ಬುಡ ಕಂದು, ತುದಿ ತಿಳಿ, ನಡುವೆ ಎಲ್ಲಿ ಬದಲಾಯಿತು ಅಂತ ಹೇಳಲು ಬರುತ್ತಿರಲಿಲ್ಲ. "ನಿಮ್ಮ ಭಾಷೆಯಲ್ಲಿ ಇದಕ್ಕೆ ಏನಂತೀರಿ?" ಅಂತ ಕೇಳಿದರು. ಕೆಂಚು ಅಂದೆ. ಹುಡುಗನಿಗೆ ಆ ಸದ್ದು ಹಿಡಿಸಿತು. ಕೆಂಚು, ಕೆಂಚು ಅನ್ನುತ್ತಾ ನನ್ನ ಮಗಳನ್ನು ಕರೆದುಕೊಂಡು ಮರಳಿನ ಕಡೆ ಓಡಿದ.